ಕೌದಿಯೊಳಗೆ ಉಳಿದ ಮೊನೆ

ಆಯಾ ಕನ್ನಿಯಮ್ಮ ಮಗುವನ್ನು ಚಿವುಟಿರಲಿಲ್ಲ. ನನ್ನ ತಂಗಿಯ ಮಗುವಿನ ಬೆನ್ನಿಗೆ ಚುಚ್ಚಿದ್ದು ನಾನು ಹೊಲಿದ ಕೌದಿಯಲ್ಲಿ ಉಳಿದುಹೋಗಿದ್ದ ಸೂಜಿಯ ಮೊನೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ — ಇಷ್ಟು ವರ್ಷ. ಆ ಮಗು ಈಗ ಕಾಲೇಜಿಗೆ ಹೋಗುತ್ತಾಳೆ.

ತಂಗಿ ಸುಮಾ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹೆತ್ತ ಮಗು ಅದು. ನಮ್ಮ ಹುಬ್ಬಳ್ಳಿ ಕಡೆ ಕೂಸಿಗೆ ಹಳೆಯ ಬಟ್ಟೆಯ ಕೌದಿಯನ್ನೇ ಹಾಸುತ್ತಾರೆ. ಈ ತಮಿಳು ನಗರದಲ್ಲಿ, ವೆಸ್ಟ್ ಮಾಂಬಲಂನ ನನ್ನ ಮನೆಯಲ್ಲಿ ಕೂತು ಅವ್ವನ ಇಳಕಲ್ ಸೀರೆ, ಅತ್ತೆಯವರ ಚುಕ್ಕಿ ಸೀರೆ, ಹಳೇ ಕಾಲದ ಹೂಬಳ್ಳಿಯ ಅಚ್ಚಿದ್ದ ಒಂದು ಪರದೆ, ಎಲ್ಲವನ್ನೂ ಚೌಕ ಚೌಕವಾಗಿ ಕತ್ತರಿಸಿ ಜೋಡಿಸಿದೆ. ನಾಮಕರಣದ ಹಿಂದಿನ ದಿನ, ಇಳಕಲ್ ಸೀರೆಯ ದಪ್ಪ ಅಂಚಿನಲ್ಲಿ ಸೂಜಿ ಮುರಿಯಿತು. ಕಣ್ಣಿದ್ದ ತುಂಡು ಕೈಯಲ್ಲಿ ಉಳಿಯಿತು. ಮೊನೆ ಸಿಗಲಿಲ್ಲ. ನೆಲ ಗುಡಿಸಿದೆ, ಕೌದಿ ಕೊಡವಿದೆ, ಅಂಗೈಯಿಂದ ಒತ್ತಿ ಒತ್ತಿ ನೋಡಿದೆ. ಎಲ್ಲೋ ಕೆಳಗೆ ಬಿದ್ದಿರಬೇಕು ಅಂದುಕೊಂಡೆ — ಹಾಗಂದುಕೊಳ್ಳುವುದೇ ನನಗೆ ಬೇಕಿತ್ತು. ಹೊಲಿಗೆ ಬಿಚ್ಚಿ ನೋಡಬಹುದಿತ್ತು. ಆದರೆ ಮರುದಿನ ಎಲ್ಲರೆದುರು ಕೊಡಬೇಕೆಂಬ ಆಸೆ...

ಕೊಟ್ಟೆ. ಎಲ್ಲರೂ ಹೊಗಳಿದರು. ಅಂದಿನಿಂದ ಎಗ್ಮೋರಿನ ಸುಮಾಳ ಮನೆಗೆ ಹೋದಾಗಲೆಲ್ಲ ಮಗುವನ್ನು ಮುದ್ದಿಸುವ ನೆಪದಲ್ಲಿ ಕೌದಿಯ ಮೇಲೆ ಬೆರಳಾಡಿಸುತ್ತಿದ್ದೆ. ಏನೂ ತಾಗುತ್ತಿರಲಿಲ್ಲ. ತಾಗದಿದ್ದರೂ ಹೆದರಿಕೆ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸುಮಾ ಅಳುತ್ತ ಫೋನ್ ಮಾಡಿದಳು. "ಅಕ್ಕಾ, ಕೂಸಿನ ಬೆನ್ನಾಗ ರಕ್ತ ಬಂದದ. ಆ ಆಯಾನ ಉಗುರಲೆ ಚೂಟ್ಯಾಳ. ನೀ ಲಗೂ ಬಾ."

ಮಾಂಬಲಂ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ಮಗುವಿನ ಬೆನ್ನ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ, ಅದರ ಕೆಳಗೊಂದು ಗೀರು. ನೋಡಿದ ಕೂಡಲೇ ತಿಳಿಯಿತು. ಕನ್ನಿಯಮ್ಮ — ತಿರುವೊಟ್ಟಿಯೂರಿನಿಂದ ದಿನಾ ಬಂದು ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದ ಆಯಾ — ಬಾಗಿಲ ಬಳಿ ನಿಂತಿದ್ದಳು. "ನಾನ್ ಒಣ್ಣುಮ್ ಪಣ್ಣಲೇಮ್ಮಾ." ತಾನೇನೂ ಮಾಡಿಲ್ಲವೆಂದು ಅದನ್ನೇ ಹೇಳುತ್ತಿದ್ದಳು. ಆಮೇಲೆ ನನ್ನತ್ತ ತಿರುಗಿದಳು. "ನೀಂಗಳಾವದು ಸೊಲ್ಲುಂಗಮ್ಮಾ." ನೀವಾದರೂ ಹೇಳಿ.

ನಾನು ಹೇಳಿದೆ. ತಂಗಿಗೆ, ಕನ್ನಡದಲ್ಲಿ. "ಕೂಸಿನ ವಿಷಯ, ಸುಮಾ. ಇಟ್ಕೋಬ್ಯಾಡ, ಕಳಿಸಿಬಿಡು."

ನಿಜ ಹೇಳಿದರೆ ಸುಮಾ ಆ ಮಗುವನ್ನು ಇನ್ನೆಂದೂ ನನ್ನ ಕೈಗೆ ಕೊಡಲಾರಳು — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಕನ್ನಿಯಮ್ಮನಿಗೆ ಕನ್ನಡ ಬಾರದು. ಆದರೂ ತಿಳಿಯಿತು, ನನ್ನ ಮುಖ ನೋಡಿ.

ತೊಳೆದು ತರುತ್ತೇನೆಂದು ಕೌದಿಯನ್ನು ಮನೆಗೆ ತಂದೆ. ಬಾಗಿಲು ಹಾಕಿಕೊಂಡು ಅಂಚಿನ ಹೊಲಿಗೆ ಬಿಚ್ಚಿದೆ. ಮೊನೆ ಅಲ್ಲೇ ಇತ್ತು. ತೆಗೆದೆ, ಮತ್ತೆ ಹೊಲಿದೆ, ಒಗೆದು ಕೊಟ್ಟೆ. ಆ ಕಟ್ಟಡದ ಉಳಿದ ಮನೆಗಳವರೂ ಕನ್ನಿಯಮ್ಮನನ್ನು ಬಿಡಿಸಿದರೆಂದು ಆ ವಾರವೇ ಕೇಳಿದೆ. ಆಗಲೂ...

ಈಚೆಗೆ ನನ್ನ ಮಗಳ ಬಾಣಂತನಕ್ಕೆ ಆಯಾ ಹುಡುಕುತ್ತಿದ್ದಾಗ ಸುಮಾ, "ನೋಡಿ ಇಟ್ಕೋ ಅಕ್ಕಾ. ನಮ್ಮ ಕೂಸಿಗಾದದ್ದು ಮರ್ತಿಯೇನು?" ಅಂದಳು. ಹೇಳಿಬಿಟ್ಟೆ. ಅವಳು ಅಂದಳು, "ನಾ ಆಕೀ ಮ್ಯಾಲ ಕೈ ಎತ್ತಿದ್ದೆ ಅಕ್ಕಾ. ನೀ ಬಾಜೂಕ ನಿಂತಿದ್ದಿ."

ಆಮೇಲೆ ಅವಳು ನನ್ನ ಫೋನ್ ಎತ್ತಿಲ್ಲ.

ತಿರುವೊಟ್ಟಿಯೂರಿಗೆ ಹೋದೆ. ಅವರಿವರನ್ನು ಕೇಳಿ ಮನೆ ಹುಡುಕಿದೆ. ಕನ್ನಿಯಮ್ಮನ ಕೂದಲು ಪೂರ್ತಿ ಬೆಳ್ಳಗಾಗಿದೆ. ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿ, ತನ್ನ ತಮಿಳಿನಲ್ಲಿ ಇಷ್ಟೇ ಹೇಳಿದಳು: "ನನಗ್ಯಾಕೆ ಹೇಳ್ತೀರಿ? ನಾನು ಮಾಡಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ನನ್ನನ್ನು ನಂಬದವರಿಗೆ ಹೋಗಿ ಹೇಳಿ."

ಎಗ್ಮೋರಿನ ಆ ಕಟ್ಟಡದ ಮನೆಗಳಿಗೆ ಹೋಗುತ್ತಿದ್ದೇನೆ. ಒಬ್ಬಾಕೆ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು. ಅಲ್ಲಿದ್ದ ಒಂದು ಕನ್ನಡದ ಕುಟುಂಬ ಈಗ ಯಾವ ಊರಿನಲ್ಲಿದೆಯೋ ತಿಳಿಯದು — ಅವರು ಓದಲಿ ಎಂದೇ ಇದನ್ನು ಬರೆದೆ. ಹೆದರಿಕೆ ಹಾಗೇ ಇದೆ. ನಾಳೆ ಎರಡನೇ ಮಹಡಿಗೆ ಹೋಗಬೇಕು.