ಅವರೆಕಾಯಿ ಸುಲಿದ ಬಸ್ಸು

ಬೆಳಿಗ್ಗೆ ಹತ್ತಕ್ಕೆ ಹನುಮಂತನಗರದಲ್ಲಿ ಬಸ್ ಹತ್ತಿದೆವು: ನಾನು, ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಪುಟ್ಟತಾಯಕ್ಕ, ಒಂದು ಖಾಲಿ ಚೀಲ, ಒಂದು ಖಾಲಿ ಡಬ್ಬಿ. ಚಳಿ ಇನ್ನೂ ಬಿಟ್ಟಿರಲಿಲ್ಲ. ಅಕ್ಕ ಚೌಕಾಸಿ ಮಾಡುವುದನ್ನು ಹಿಂದಿನ ದಿನ ಅವರ ದನಿಯಲ್ಲೇ ಅಣಕಿಸಿದ್ದೆ. “ಬಾಯಿ ಮಾತ್ರ ಐತೆ ನಿಂಗೆ. ನಾಳೆ ಮಾರ್ಕೆಟ್ಟಿಗೆ ಬಾ, ಚೀಲ ಹೊರು” ಅಂದಿದ್ದರು. ನಾನೋ, ಕೊತ್ತಂಬರಿ ಸೊಪ್ಪನ್ನೂ ಫೋನಿನಲ್ಲಿ ತರಿಸುವ ಶೂರ.

ಕಂಡಕ್ಟರ್ ಅಕ್ಕನಿಗೆ ಉಚಿತ ಟಿಕೆಟ್ ಕೊಟ್ಟು, ನನ್ನಿಂದ ಹನ್ನೆರಡು ರೂಪಾಯಿ ಕಿತ್ತರು. ಚಾಮರಾಜಪೇಟೆ ದಾಟುವಾಗ ಅಕ್ಕ ಹೇಳಿದರು: “ಮುಂಚೆ ಬಸ್ ದುಡ್ಡು ಉಳ್ಸಕ್ಕೆ ಮಾರ್ಕೆಟ್‌ವರ್ಗೂ ನಡೀತಿದ್ದೆ. ಊಟಕ್ಕೆ ಮನೇಗೋಗಕ್ಕೆ ಟೈಮೆಲ್ಲಿ? ಮಧ್ಯಾಹ್ನ ಕೆಲ್ಸಕ್ಕೋಗೋ ವೈಯಾಲಿಕಾವಲ್ ಮನೇಲಿ ಮಿಕ್ಕಿದ್ ಚಿತ್ರಾನ್ನ, ಸಿಂಕ್ ಹತ್ರ ನಿಂತ್ಕೊಂಡೇ. ಇವತ್ತು ನಮ್ಮನೇಲಿ ಕೂತ್ಕೊಂಡು ಬಿಸಿ ಮುದ್ದೆ, ಅವರೆಕಾಳು ಸಾರು ಉಣ್ತೀನಿ ನೋಡು.”

ಅವರ ಮನೆ ಓಕಳಿಪುರಂನಲ್ಲಿ. ಒಂದೂವರೆಗೆ ವೈಯಾಲಿಕಾವಲ್‌ನ ಕೆಲಸಕ್ಕೆ ಹಾಜರಿರಬೇಕು.

ಮಾರ್ಕೆಟ್ಟಿನಲ್ಲಿ ನಾಲ್ಕು ರಾಶಿ ಮೂಸಿ, “ಸೊಗಡೇ ಇಲ್ಲ ಕಣಪ್ಪ” ಎಂದು ಮೂವರನ್ನು ಬೈದು, ನಾಲ್ಕನೆಯವನ ಹತ್ತಿರ ಎರಡು ಕೆಜಿ ಅವರೆಕಾಯಿ ಕೊಂಡರು. ಆಗಲೇ ಹನ್ನೊಂದು ದಾಟಿತ್ತು.

“ಇದನ್ನ ಸುಲಿಯೋದ್ಯಾವಾಗ ಅಕ್ಕಾ?”

“ಬಸ್ಸಿರೋದ್ಯಾಕೆ?”

ಎರಡನೇ ಬಸ್ಸಿನಲ್ಲಿ ಅಕ್ಕ ಕೂತು ಚೀಲದ ಬಾಯಿ ಬಿಚ್ಚಿದರು. ಪಕ್ಕದ ಹೆಂಗಸು ಕೇಳದೆಯೇ ಒಂದು ಹಿಡಿ ತೆಗೆದುಕೊಂಡರು. ಹಿಂದಿನ ಸೀಟಿನಿಂದ ಎರಡು ಕೈ ಬಂತು, ಮುಂದಿನಿಂದ ಮತ್ತೆರಡು. ಸೆರಗುಗಳಲ್ಲಿ ಕಾಳು ಬೀಳತೊಡಗಿತು. ಅಷ್ಟರಲ್ಲಿ ಬಸ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ನಾನು ಕಂಡಕ್ಟರ್ ದನಿಯಲ್ಲಿ “ಒಳಗ್ ಹೋಗ್ರೀ, ಒಳಗ್ ಹೋಗ್ರೀ” ಎಂದೆ.

“ಏ ಮೈಕಾಸುರ, ನೀನೂ ಸುಲಿ” ಎಂದು ಹಿಂದಿನಾಕೆ ನನ್ನ ಕೈಗೂ ಒಂದಿಷ್ಟು ತುರುಕಿದರು.

ಮೂರನೇ ಕಾಯಿಯಲ್ಲೇ ಹುಳ. ಊರವರ ದನಿಯನ್ನೆಲ್ಲ ಮಾಡುವ ನನ್ನಿಂದ ಆಗ ಹೊರಟದ್ದು ನನ್ನದೇ ಸ್ವಂತ ಕಿರುಚು. ಬಸ್ಸೆಲ್ಲ ನಕ್ಕಿತು.

ನಾನು ಹತ್ತು ಕಾಯಿ ಮುಗಿಸುವಷ್ಟರಲ್ಲಿ ಎರಡು ಕೆಜಿ ಮುಗಿದಿತ್ತು. ಅಕ್ಕನ ಡಬ್ಬಿ ಕೈಯಿಂದ ಕೈಗೆ ಹೋಗಿ, ತುಂಬಿಕೊಂಡು ವಾಪಸ್ ಬಂತು. ಒಂದು ಕಾಳೂ ಯಾರ ಸೆರಗಿನಲ್ಲೂ ಉಳಿಯಲಿಲ್ಲ.

“ಇವರೆಲ್ಲ ನಿಮಗೆ ಗೊತ್ತಾ?”

“ಇಲ್ಲಪ್ಪ, ಯಾರೋ. ಮೊನ್ನೆ ಯಾರ್ದೋ ಮೆಂತ್ಯ ಸೊಪ್ಪು ನಾನ್ ಬಿಡಿಸ್ಕೊಟ್ಟಿದ್ದೆ.”

ಎಷ್ಟು ವರ್ಷದಿಂದ ಈ ಬಸ್ಸುಗಳಲ್ಲಿ ಓಡಾಡಿದ್ದೇನೆ! ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತ ನನಗೆ, ಪಕ್ಕದಲ್ಲೇ ಇಷ್ಟು ದೊಡ್ಡ ಅಡುಗೆಮನೆ ಓಡುತ್ತಿದ್ದದ್ದು ಕಂಡಿರಲಿಲ್ಲ.

ಓಕಳಿಪುರಂ ತಲುಪಿದಾಗ ಹನ್ನೆರಡೂ ಕಾಲು. ಒಂದೇ ಕೋಣೆ. ಕುಕ್ಕರ್ ಕೂಗಿತು, ಮುದ್ದೆ ತಿರುವಿದ್ದಾಯಿತು, ಸಾರಿನ ಘಮ ಬೀದಿಗೆ ಹೋಯಿತು. ಒಂದಕ್ಕೆ ಐದು ನಿಮಿಷ ಇದ್ದಾಗ ಅಕ್ಕ ನನ್ನ ಮುಂದೆ ತಟ್ಟೆ ಇಟ್ಟರು.

“ಕೂತ್ಕೋ, ಉಣ್ಣು.”

ಬಾಯಲ್ಲಿ ನೀರೂರಿತ್ತು. ಆದರೆ ನಾನು ಕೂತರೆ ನನಗೆ ಬಡಿಸುತ್ತ ಅಕ್ಕ ನಿಂತೇ ಇರುತ್ತಾರೆ.

“ಮನೇಲಿ ಕಾಯ್ತಿರ್ತಾರೆ ಅಕ್ಕಾ” ಎಂದು ಸುಳ್ಳು ಹೇಳಿ ಚಪ್ಪಲಿ ಮೆಟ್ಟಿದೆ.

ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಬಾಗಿಲು ತೆರೆದಿತ್ತು. ಅಕ್ಕ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ಕೈ ಬೀಸಿದೆ. ಅವರು ತಲೆ ಎತ್ತಲಿಲ್ಲ. ಎರಡನೇ ಮುದ್ದೆ ಮುರಿಯುತ್ತಿದ್ದರು.