ಬೈದಾದ ಮೇಲೆ ಅತ್ತೆ ಏನು ಮಾಡುತ್ತಾಳೆ?

"ಬೈದಾದ್ಮೇಲೆ ಇವಳು ಏನ್ಮಾಡ್ತಾಳೆ?" ಎಂದು ಬೆನ್ನ ಹಿಂದಿನಿಂದ ಅತ್ತೆಯ ದನಿ ಕೇಳಿಬಂದಾಗ ನನ್ನ ಕೈಯಲ್ಲಿದ್ದ ಹಾಳೆ ಜಾರಿತು.

ಆಂಧ್ರದ ಗಡಿಗೆ ಹತ್ತಿರದ ಮುಳಬಾಗಿಲಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಪತ್ರಿಕೆಗೆಂದು ಬರೆದ ಕಥೆಯನ್ನು ಪಕ್ಕದ ಮನೆಯ ಸಾವಿತ್ರಿಗೆ ಓದಿ ಹೇಳುತ್ತಿದ್ದೆ. ಕಥೆಯಲ್ಲೊಬ್ಬ ಕೆಟ್ಟ ಅತ್ತೆ ಇದ್ದಳು. ಬಾಗಿಲ ಬಳಿ ರೇಷನ್ ಅಕ್ಕಿಯ ಕಲ್ಲು ಆರಿಸುತ್ತಿದ್ದ ನನ್ನ ಅತ್ತೆ ಅಷ್ಟನ್ನೂ ಕೇಳಿಸಿಕೊಂಡಿದ್ದರು. ಸಾವಿತ್ರಿ ಮೆಲ್ಲನೆ ಎದ್ದು ಹೋದಳು. ನನ್ನ ಬರವಣಿಗೆಗೆ ಇವತ್ತೇ ಕೊನೆ ಎಂದುಕೊಂಡೆ.

ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ. "ಬೆಳಗಿಂದ ಸಂಜೆವರೆಗೂ ಬರೀ ಬೈತಾಳಲ್ಲೇ ನಿನ್ನ ಕಥೆಯೋಳು. ಅದೂ ಪುಸ್ತಕದ ಕನ್ನಡದಲ್ಲಿ. ನನಗೆ ಕೋಪ ಬಂದ್ರೆ ಬಾಯಿಗೆ ತೆಲುಗು ತಾನೇ ಬರೋದು?"

ನಗು ಬಂದರೂ ನಗಲು ಧೈರ್ಯವಾಗಲಿಲ್ಲ. "ಬೈದಾದ್ಮೇಲೆ ನೀವೇನ್ಮಾಡ್ತೀರಾ ಅತ್ತೆ?" ಎಂದು ಕೇಳಿದೆ.

"ನೀನು ಹಿತ್ತಿಲಿಗೆ ಹೋದಾಗ ಅನ್ನದ ಪಾತ್ರೆ ಮುಚ್ಚಳ ತೆಗೆದು ನೋಡ್ತೀನಿ, ಉಂಡ್ಯೋ ಇಲ್ವೋ ಅಂತ. ನೀನು ಉಣ್ಣದೆ ಇದ್ರೆ ನನಗೂ ಗಂಟಲಲ್ಲಿ ಇಳಿಯಲ್ಲ ಕಣೇ" ಎಂದು ಮತ್ತೆ ಕಲ್ಲು ಆರಿಸತೊಡಗಿದರು.

ಮರುದಿನ ಕಥೆಯನ್ನು ಮೊದಲಿನಿಂದ ಬರೆದೆ. ಅದರ ಅತ್ತೆ ಈಗಲೂ ಬೈಯುತ್ತಾಳೆ, ತೆಲುಗಿನಲ್ಲೇ ಬೈಯುತ್ತಾಳೆ. ಆಮೇಲೆ ಹೋಗಿ ಪಾತ್ರೆಯ ಮುಚ್ಚಳವನ್ನೂ ತೆಗೆಯುತ್ತಾಳೆ. ನಮ್ಮ ಮನೆಯಲ್ಲೂ ಬೈಗುಳ ನಿಂತ ಮೇಲೆ ಅಡುಗೆಮನೆಯತ್ತ ಕಿವಿ ಕೊಡುವುದು ನನಗೆ ಅಭ್ಯಾಸವಾಗಿದೆ. ಮುಚ್ಚಳದ ಸದ್ದು ಕೇಳಿದ ಕೂಡಲೇ ಒಳಗೆ ಹೋಗಿ ಊಟಕ್ಕೆ ಎರಡು ಎಲೆ ಹಾಕುತ್ತೇನೆ.