ಕಾಕಾ ಬರದ ಎರಡು ಪುಟ

ನನ್ನ ಹಳೇ ಲ್ಯಾಪ್‌ಟಾಪ್ ಭಾಳ ತೆವಳಾಕತ್ತಿತ್ತಂತ ವಿಂಡೋಸ್ ತಗದು ಲಿನಕ್ಸ್ ಹಾಕಿದೆ. ವೆಬ್‌ಸೈಟ್ ಮಾಡೂ ನನ್ನ ಕೆಲಸಕ್ಕ ಛಲೋನ ಹೊಂದಿತು. ಒಂದ ವಾರ ಸಿಕ್ಕಸಿಕ್ಕವರ ಮುಂದೆಲ್ಲಾ ಅದರ ಗುಣಗಾನ ಮಾಡಿದೆ.

ಆಮ್ಯಾಲ ಕಮರಿಪೇಟಿಯಿಂದ ಶಬಾನಾ ಬಂದ್ಲು. ಹಾರ್ಮೋನಿಯಂ ರಿಪೇರಿ ಮಾಡ್ತಿದ್ದ ಆಕಿ ಅಪ್ಪ, ನಾವೆಲ್ಲಾ ಕಾಕಾ ಅಂತಿದ್ದವರು, ಹೋದ ತಿಂಗಳ ತೀರಿಕೊಂಡಿದ್ರು. ಅವರ ಅಂಗಡಿ ವೆಬ್‌ಸೈಟ್ ಒಪ್ಪಿಕೊಂಡು ನಾ ಇನ್ನೂ ಮುಗಸಿದ್ದಿಲ್ಲ. ಅದಕ್ಕಂತ ಕಾಕಾ ತಮ್ಮ ಕಸುಬಿನ ಬಗ್ಗೆ ಎರಡು ಪುಟ ಒಂದ ಬೆರಳಿಲೆ ಟೈಪ್ ಮಾಡಿ ಕೊಟ್ಟಿದ್ರು.

"ಅಬ್ಬಾ ಬರದಿದ್ದು ತೋರಸ್ರಿ ಅಣ್ಣಾ," ಅಂದ್ಲು.

ಫೈಲ್ ತಗದೆ. ಕನ್ನಡದ ಒಂದಕ್ಷರ ಇಲ್ಲ. ಬರೇ ಅಡ್ಡಾತಿಡ್ಡಿ ಇಂಗ್ಲಿಷ್ ಅಕ್ಷರ, ನಡುವ ಚುಕ್ಕಿ, ಗೀಟು.

"ಅಬ್ಬಾ ಹಿಂಗ ಬರದಿದ್ರೇನ್ರಿ?"

"ಅಲ್ಲ ತಂಗಿ, ಅವರು ಹಳೇ ಕನ್ನಡ ಫಾಂಟಿನ್ಯಾಗ ಬರದಾರ. ಈ ಲಿನಕ್ಸಿನ್ಯಾಗ ಅದಿಲ್ಲ," ಅಂದು, ಮಷೀನಿಗೆ ಬೈಕೋತ ಆ ಫಾಂಟ್ ಹುಡುಕಿ ಹಾಕಿದೆ. ಹತ್ತ ನಿಮಿಷಕ್ಕ ಕಾಕಾರ ಮಾತು ಸಾಲುಸಾಲಾಗಿ ಮೂಡಿದ್ವು.

ಶಬಾನಾ ಗಟ್ಟಿಯಾಗಿ ಓದಿಕೋತ ಹೋದ್ಲು. ಕಡೀ ಸಾಲಿಗೆ ದನಿ ಸಣ್ಣದಾತು: "ತಮ್ಮಾ, ನನಗ ಬರದು ರೂಢಿ ಇಲ್ಲ. ಓದಿ, ಹೆಂಗಾಗೇತಿ ಅಂತ ಒಂದ ಫೋನ್ ಮಾಡು. ಕಾಯತೇನಿ."

"ಮಾಡಿದ್ರೇನಣ್ಣಾ?"

ವಿಂಡೋಸ್ ಇದ್ದಾಗ ಆ ಫೈಲ್ ಎಂಟು ತಿಂಗಳ ನನ್ನ ಹತ್ರನ ಇತ್ತು, ಆ ಫಾಂಟೂ ಇತ್ತು. ತಗದಿದ್ರ ಮುತ್ತಿನಂಥಾ ಕನ್ನಡ ಕಾಣತಿತ್ತು. ತಗದಿದ್ದಿಲ್ಲ.

ಈಗ ಯಾರರ ಕೇಳಿದ್ರ, ಲಿನಕ್ಸ್ ಛಲೋ ಐತ್ರಿ, ಹಳೇ ಕನ್ನಡ ಫಾಂಟ್ ಅಷ್ಟ ಓದಾಕ ಬರೂದಿಲ್ಲ ಅಂತೇನಿ. ತಪ್ಪು ಹೊರಸಾಕ ಒಂದ ಮಷೀನರ ಬೇಕಲ್ರಿ.